ನಾಯಿಮರಿಯ ಹೊಟ್ಟೆ ಏಕೆ ಉಬ್ಬಿದೆ?

ಮಕ್ಕಳೇ, ಕೆಲವು ನಾಯಿಮರಿಗಳ ಹೊಟ್ಟೆ ಮಡಕೆಯಂತೆ ಉಬ್ಬಿರುವುದನ್ನು ನೀವು ನೋಡಿದ್ದೀರಲ್ಲವೇ? 'ಚೆನ್ನಾಗಿ ತಿಂದಿದೆ' ಎಂದುಕೊಳ್ಳುತ್ತೇವೆ. ಆದರೆ ಅದರ ಪಕ್ಕೆಲುಬುಗಳು ಎದ್ದು ಕಾಣುತ್ತವೆ, ಕೂದಲಿಗೆ ಹೊಳಪಿಲ್ಲ. ಹಾಗಾದರೆ ತಿಂದದ್ದೆಲ್ಲ ಎಲ್ಲಿಗೆ ಹೋಯಿತು? ಅದರ ಸಣ್ಣ ಕರುಳಿನಲ್ಲಿರುವ ದುಂಡುಹುಳುಗಳು ಆಹಾರದಲ್ಲಿ ಪಾಲು ಪಡೆಯುತ್ತಿವೆ!

ಈ ಹುಳುವಿನ ವೈಜ್ಞಾನಿಕ ಹೆಸರು ಟಾಕ್ಸೊಕಾರಾ ಕ್ಯಾನಿಸ್. ನೋಡಲು ಬೆಂದ ಶಾವಿಗೆಯಂತೆ ಇರುತ್ತದೆ. 10 ಸೆಂ.ಮೀ.ಗಿಂತಲೂ ಉದ್ದ ಬೆಳೆಯಬಲ್ಲದು.

ಹುಟ್ಟುವ ಮೊದಲೇ ಸೋಂಕು

ತಾಯಿನಾಯಿಯ ದೇಹದಲ್ಲಿ ಅಡಗಿರುವ ಹುಳುವಿನ ಮರಿಗಳು ಗರ್ಭದಲ್ಲಿರುವ ನಾಯಿಮರಿಗೆ ದಾಟುತ್ತವೆ. ತಾಯಿಯ ಹಾಲಿನಿಂದಲೂ ಬರುತ್ತವೆ. ಗರ್ಭದಲ್ಲಿ ದಾಟಿದ ಹುಳುವಿನ ಮರಿಗಳು ಯಕೃತ್ತು ಮತ್ತು ಶ್ವಾಸಕೋಶಗಳ ಮೂಲಕ ಸಾಗಿ ಗಂಟಲಿಗೆ ಬರುತ್ತವೆ. ಮರಿ ಅವನ್ನು ನುಂಗಿದಾಗ ಕರುಳನ್ನು ಸೇರಿ ಬೆಳೆಯುತ್ತವೆ. ಆದ್ದರಿಂದಲೇ ಮರಿಗೆ ಕೆಮ್ಮು, ವಾಂತಿ, ಭೇದಿ ಕಾಣಿಸಬಹುದು. ಹುಳುಗಳು ತುಂಬಾ ಹೆಚ್ಚಾದರೆ ಕರುಳು ಕಟ್ಟಿಕೊಂಡು ಮರಿ ಸಾಯಲೂಬಹುದು.

ರಕ್ತ ಏನು ಹೇಳುತ್ತದೆ?

ಕೊಕ್ಕೆಹುಳು ರಕ್ತ ಹೀರುತ್ತದೆ. ದುಂಡುಹುಳು ಹಾಗಲ್ಲ, ಕರುಳಿನಲ್ಲಿರುವ ಆಹಾರವನ್ನು ತಿನ್ನುತ್ತದೆ. ಆದರೂ ರಕ್ತದಲ್ಲಿ ಬದಲಾವಣೆ ಕಾಣುತ್ತದೆ. ಪೋಷಕಾಂಶ ಸಾಲದೆ ರಕ್ತದಲ್ಲಿ ಪ್ರೋಟೀನ್ ಕಡಿಮೆಯಾಗಬಹುದು, ರಕ್ತಹೀನತೆಯೂ ಬರಬಹುದು. ಆಗ ಒಸಡು ಬಿಳಿಚಿಕೊಳ್ಳುತ್ತದೆ.

ಇನ್ನೊಂದು ಕಡೆ, ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಹೆಚ್ಚುತ್ತವೆ. ಇವು ಹುಳುಗಳೊಡನೆ ಹೋರಾಡುವ ಸೈನಿಕರು. ಆರೋಗ್ಯವಂತ ನಾಯಿಯ 100 ಬಿಳಿಕಣಗಳಲ್ಲಿ ಇವು ಸಾಮಾನ್ಯವಾಗಿ 10ಕ್ಕಿಂತ ಕಡಿಮೆ. ಇವು ಹೆಚ್ಚಾಗಿದ್ದರೆ ಪಶುವೈದ್ಯರಿಗೆ ಹುಳುಗಳ ಮೇಲೆ ಅನುಮಾನ ಬರುತ್ತದೆ. ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹುಳುವಿನ ಮೊಟ್ಟೆ ಇದ್ದರೆ ಖಚಿತಪಡಿಸಿಕೊಳ್ಳುತ್ತಾರೆ.

ನಮಗೂ ಅಪಾಯವೇ?

ಹೌದು. ಮಲದೊಂದಿಗೆ ಹೊರಬಿದ್ದ ಮೊಟ್ಟೆಗಳು ಮಣ್ಣಿನಲ್ಲಿ ಎರಡು ವಾರ ಅಥವಾ ಹೆಚ್ಚು ಕಾಲ ಬೆಳೆದ ಮೇಲೆ ಸೋಂಕು ಹರಡುತ್ತವೆ. ಮಣ್ಣಾದ ಕೈಯಿಂದ ಅವು ನಮ್ಮ ಬಾಯಿ ಸೇರಿದರೆ, ಹುಳುವಿನ ಮರಿಗಳು ಯಕೃತ್ತು, ಶ್ವಾಸಕೋಶಗಳಲ್ಲಿ ಅಲೆದಾಡುತ್ತವೆ. ಅಪರೂಪಕ್ಕೆ ಕಣ್ಣಿಗೂ ಹೋಗಿ ದೃಷ್ಟಿ ಕೆಡಿಸುತ್ತವೆ.

ನಾವೇನು ಮಾಡಬೇಕು?

* ಮರಿಗೆ ಎರಡು ವಾರ ತುಂಬಿದಾಗಿನಿಂದಲೇ ಪಶುವೈದ್ಯರ ಸಲಹೆಯಂತೆ ಜಂತುಹುಳು ಔಷಧಿ ಕೊಡಿಸಿ. ತಾಯಿನಾಯಿಗೂ ಕೊಡಿಸಿ.
* ಶಾಲೆಯಲ್ಲಿ ನಿಮಗೆ ಕೊಡುವ ಜಂತುಹುಳು ಮಾತ್ರೆಯನ್ನು ನಾಯಿಗೆ ಹಾಕಬೇಡಿ.
* ಅಂಗಳದಲ್ಲಿ ನಾಯಿಯ ಮಲ ಬಿದ್ದರೆ ಅಂದೇ ತೆಗೆಯಲು ದೊಡ್ಡವರಿಗೆ ಹೇಳಿ.
* ಮಣ್ಣಿನಲ್ಲಿ ಅಥವಾ ನಾಯಿಯೊಡನೆ ಆಡಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ನಾಯಿಮರಿಯನ್ನು ದೂರ ಓಡಿಸಬೇಕಿಲ್ಲ. ಅದರ ಹೊಟ್ಟೆಯ ಹುಳುವನ್ನು ಓಡಿಸಿದರೆ ಮರಿಯೂ ಕ್ಷೇಮ, ನೀವೂ ಕ್ಷೇಮ.