ಮನೆಯ ಡಾಕ್ಟರರ ಮುಂದೆ ಆಡದೆ ಉಳಿಯುವ ಮಾತು

ಊರು ಬಿಟ್ಟು ಮಹಾನಗರಕ್ಕೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಮನೆಯ ಡಾಕ್ಟರರಿಗೆ ಒಂದು ವಿಶೇಷ ಸ್ಥಾನವುಂಟು. ಮಾಟುಂಗವಾಗಲಿ, ಡೊಂಬಿವಲಿಯಾಗಲಿ, ಬಂಧುಬಳಗವಿಲ್ಲದ ಊರಿನಲ್ಲಿ ಅಜ್ಜನ ರಕ್ತದೊತ್ತಡದಿಂದ ಮೊಮ್ಮಗುವಿನ ದಡಾರದವರೆಗೆ ಎಲ್ಲವನ್ನೂ ಬಲ್ಲವರು ಅವರೊಬ್ಬರೇ. ಅವರ ದವಾಖಾನೆಯ ಬೆಂಚಿನ ಮೇಲೆ ಕುಳಿತು ಕನ್ನಡದಲ್ಲಿ ನೋವು ಹೇಳಿಕೊಂಡರೆ ಅರ್ಧ ಗುಣವಾದಂತೆಯೇ. ಸಂಘದ ರಾಜ್ಯೋತ್ಸವದಲ್ಲಿ ಮೊದಲ ಸಾಲಿನಲ್ಲಿ ಕುಳಿತಿರುವವರೂ ಅವರೇ. ಗಣೇಶನ ಹಬ್ಬಕ್ಕೆ ಮನೆಗೆ ಬಂದು ಕಡುಬು ತಿಂದು ಹೋಗುವವರೂ ಅವರೇ.

ವೈದ್ಯರಲ್ಲಿಯೂ ವಕೀಲರಲ್ಲಿಯೂ ಸುಳ್ಳಾಡಬಾರದೆಂದು ಹಿರಿಯರು ಹೇಳುತ್ತಾರೆ. ಆದರೆ ಡಾಕ್ಟರರು ಇಷ್ಟು ಹತ್ತಿರದವರಾಗಿರುವುದರಿಂದಲೇ ಅವರೆದುರು ಆಡಲಾಗದ ಮಾತೊಂದಿದೆ. ಹುಟ್ಟಿದಾಗ ದಾಖಲಾದ ಲಿಂಗ ಒಂದು, ಮನಸ್ಸು ಬಲ್ಲ ಲಿಂಗತ್ವ ಇನ್ನೊಂದು ಎಂಬ ಸಂಕಟದಲ್ಲಿ ಬೆಳೆದವರು, ಲಿಂಗಪರಿವರ್ತನೆಯ ಚಿಕಿತ್ಸೆಗೆ ತೊಡಗಬೇಕೆಂದು ನಿಶ್ಚಯಿಸಿದಾಗ ಆಡಬೇಕಾದ ಮಾತು ಅದು.

ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆಗೆ ಖಾಸಗಿ ಕಂಪನಿಯೊಂದರಲ್ಲಿ ಗುಮಾಸ್ತಿಕೆ, ತಾಯಿ ಮನೆಯಲ್ಲಿ. ಇಪ್ಪತ್ತಮೂರು ವರ್ಷದ ಒಬ್ಬನೇ ಮಗ ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿದ್ದಾನೆ. ಮಗನೆಂದು ಲೋಕ ಕರೆಯುವ ಈ ವ್ಯಕ್ತಿ ಬುದ್ಧಿ ಬಂದಂದಿನಿಂದ ತನ್ನನ್ನು ಹೆಣ್ಣೆಂದೇ ಬಲ್ಲಳು. ಆದ್ದರಿಂದ ಮುಂದೆ ಆಕೆಯೆಂದೇ ಕರೆಯುವುದು ಉಚಿತ. ಮನೆಯ ಡಾಕ್ಟರರಿಗೆ ಹೇಳಿದರೆ ತಂದೆಗೆ ತಿಳಿದೀತೆಂಬ ಭಯದಿಂದ ಆಕೆ ಎರಡು ಸ್ಟೇಷನ್ ದಾಟಿ, ಗುರುತಿಲ್ಲದ ಔಷಧದ ಅಂಗಡಿಯಲ್ಲಿ ಗರ್ಭನಿರೋಧಕ ಮಾತ್ರೆಗಳನ್ನು ಕೊಂಡು, ನಾಲ್ಕು ತಿಂಗಳಿನಿಂದ ದಿನಕ್ಕೆರಡರಂತೆ ನುಂಗುತ್ತಿದ್ದಾಳೆ. ಅದರಲ್ಲಿ ಹೆಣ್ಣಿನ ಹಾರ್ಮೋನು ಇದೆಯೆಂದು ಯಾರೋ ಹೇಳಿದ್ದರು. ಹೇಳಿದವರಿಗೆ ತಿಳಿಯದ ಒಂದು ಸಂಗತಿ ಮನೆಯ ಡಾಕ್ಟರರಿಗೆ ಮಾತ್ರ ತಿಳಿದಿತ್ತು: ಆಕೆಯ ತಂದೆಗೆ ನಲವತ್ತೊಂದರ ಪ್ರಾಯದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಗುಟ್ಟಾಗಿ ನುಂಗುವ ಮಾತ್ರೆ

ಈ ಎರಡು ಸಂಗತಿಗಳನ್ನು ಕೂಡಿಸಿ ನೋಡಿದರೆ ಅಪಾಯ ಸ್ಪಷ್ಟವಾಗುತ್ತದೆ. ಬಹುಪಾಲು ಗರ್ಭನಿರೋಧಕ ಮಾತ್ರೆಗಳಲ್ಲಿರುವುದು ಎಥಿನೈಲ್ ಎಸ್ಟ್ರಡಯಾಲ್ ಎಂಬ ಕೃತಕ ಹಾರ್ಮೋನು. ಇದು ರಕ್ತ ಹೆಪ್ಪುಗಟ್ಟುವ ಸಂಭವವನ್ನು ಹೆಚ್ಚಿಸುತ್ತದೆ. ಮೀನಖಂಡದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹರಿದರೆ ಪ್ರಾಣಕ್ಕೇ ಸಂಚಕಾರ. ಸಿಗರೇಟು ಸೇದುವವರಲ್ಲಿಯೂ, ಮನೆತನದಲ್ಲಿ ಈ ತೊಂದರೆ ಇರುವವರಲ್ಲಿಯೂ ಅಪಾಯ ಇನ್ನೂ ಅಧಿಕ. ಆದುದರಿಂದ ಲಿಂಗಪರಿವರ್ತನೆಯ ಚಿಕಿತ್ಸೆಯಲ್ಲಿ ತಜ್ಞರು ಈ ಔಷಧವನ್ನು ಬಳಸಬಾರದೆನ್ನುತ್ತಾರೆ. ಅವರು ಕೊಡುವುದು ಶರೀರದಲ್ಲಿಯೇ ಸಹಜವಾಗಿರುವ ಎಸ್ಟ್ರಡಯಾಲನ್ನು, ಅದೂ ರಕ್ತಪರೀಕ್ಷೆ ನೋಡಿ, ಅಳೆದು. ಹೆಪ್ಪುಗಟ್ಟುವ ಭಯವಿರುವವರಿಗೆ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಅಂಟಿಸುವ ಪಟ್ಟಿ ಲೇಸು.

ಒಂದು ಕಾಲು ಮಾತ್ರ ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋಯುವುದು ಇವುಗಳಲ್ಲಿ ಯಾವುದು ಕಂಡರೂ ಗುಟ್ಟನ್ನು ಬದಿಗಿಟ್ಟು ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ನುಂಗಿದ ಮಾತ್ರೆಯ ಹೆಸರನ್ನೂ ಹೇಳಬೇಕು.

ಮೊದಲ ಮಾತು

ಹೇಗೆ ಆರಂಭಿಸುವುದು? ಬೆಂಚು ತುಂಬಿರುವ ವೇಳೆ, ತಾಯಿ ಪಕ್ಕದಲ್ಲಿರುವ ವೇಳೆ ಇದಕ್ಕೆ ಸಲ್ಲದು. ರೋಗಿಗಳು ಕಡಿಮೆಯಿರುವ ಹೊತ್ತನ್ನು ಕೇಳಿ ತಿಳಿದು ಒಬ್ಬರೇ ಹೋಗುವುದು, ಇಲ್ಲವೇ ನಂಬುಗೆಯ ಗೆಳೆಯರನ್ನು ಕರೆದೊಯ್ಯುವುದು ಒಳ್ಳೆಯದು. ಎದುರಿಗೆ ಕುಳಿತಾಗ ಬಾಯಿ ಕಟ್ಟಿದರೆ ಚೀಟಿಯಲ್ಲಿ ಬರೆದುಕೊಟ್ಟರೂ ಆಯಿತು. ಮಾತು ಉದ್ದವಾಗಬೇಕಿಲ್ಲ. ಎಂದಿನಿಂದ ಹೀಗನ್ನಿಸುತ್ತಿದೆ, ಈಗ ಯಾವ ಸಹಾಯ ಬೇಕು, ಈಗಾಗಲೇ ಏನು ತೆಗೆದುಕೊಂಡದ್ದಾಗಿದೆ ಎಂಬ ಮೂರು ಸಂಗತಿಗಳು ಸಾಕು. ಮೂರನೆಯದನ್ನು ಮುಚ್ಚಿಡುವವರೇ ಹೆಚ್ಚು. ವೈದ್ಯರಿಗೆ ಎಲ್ಲಕ್ಕಿಂತ ಅಗತ್ಯವಾದುದೂ ಅದೇ.

ಕಲ್ಪಿತ ಮನೆಯ ಆಕೆ ಒಂದು ಬುಧವಾರ ಮಧ್ಯಾಹ್ನ ಕಾಲುನೋವೆಂದು ಹೇಳಿಕೊಂಡು ಹೋಗುತ್ತಾಳೆ. ಡಾಕ್ಟರರು ಕಾಲನ್ನು ಒತ್ತಿ ನೋಡುತ್ತಾರೆ, ತಂದೆಯ ಕಾಲಿನ ನೆನಪಾಗಿ ಹುಬ್ಬು ಗಂಟಿಕ್ಕುತ್ತಾರೆ. ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ ಎಂಬ ಪ್ರಶ್ನೆಗೆ ಉತ್ತರವಾಗಿ ಖಾಲಿಯಾದ ಮಾತ್ರೆಯ ಪಟ್ಟಿ ಮೇಜಿನ ಮೇಲೆ ಬರುತ್ತದೆ. ಹಿಂದೆಯೇ ಮಾತೂ ಬರುತ್ತದೆ.

"ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ."

"ಈಗ ನನ್ನ ಪೇಷಂಟು ನೀನು ಮಗೂ, ನಿಮ್ಮಪ್ಪ ಅಲ್ಲ. ಈ ಮಾತ್ರೆ ಇವತ್ತೇ ನಿಲ್ಲಿಸು. ಕಾಲಿನ ಸ್ಕ್ಯಾನಿಂಗ್ ಈಗಲೇ ಆಗಬೇಕು. ಉಳಿದದ್ದಕ್ಕೆ ಸರಿಯಾದ ದಾರಿ ಇದೆ, ನೋಡೋಣ."

ಇಷ್ಟು ಹೇಳುವುದಕ್ಕೆ ಆ ಡಾಕ್ಟರರು ಈ ವಿಷಯದಲ್ಲಿ ಪಂಡಿತರಾಗಬೇಕಿಲ್ಲ. ಕೇಳುವ ತಾಳ್ಮೆ, ತಿಳಿಯದುದನ್ನು ತಿಳಿಯದೆಂದು ಒಪ್ಪುವ ಪ್ರಾಮಾಣಿಕತೆ, ತಿಳಿದವರಲ್ಲಿಗೆ ಚೀಟಿ ಬರೆದುಕೊಡುವ ಔದಾರ್ಯ ಇದ್ದರೆ ಮೊದಲ ಮೆಟ್ಟಿಲು ದಾಟಿದಂತೆ.

ಚಿಕಿತ್ಸೆಯ ದಾರಿ

ಮುಂದಿನ ಚಿಕಿತ್ಸೆ ಸಾಮಾನ್ಯವಾಗಿ ಹಾರ್ಮೋನು ತಜ್ಞರದು. ಮನೋವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಭೇಟಿಯೂ ಇರುತ್ತದೆ. ಮನೋವೈದ್ಯರೆಂದ ಕೂಡಲೇ ಹುಚ್ಚಿನ ಶಂಕೆ ಬೇಡ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ, 2022ರ ಜನವರಿ 1ರಿಂದ ಜಾರಿಗೆ ತಂದ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಈ ಸ್ಥಿತಿಯನ್ನು ಮಾನಸಿಕ ರೋಗಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಲಾಗಿದೆ. ಮನೋವೈದ್ಯರು ನೋಡುವುದು ನಿರ್ಧಾರ ತಿಳಿದು ಮಾಡಿದ್ದೇ, ಖಿನ್ನತೆಯೇನಾದರೂ ಜೊತೆಗಿದೆಯೇ, ಮುಂದಿನ ವರ್ಷಗಳಿಗೆ ಆಸರೆ ಯಾರು ಎಂಬುದನ್ನು. ಈ ಭಾವನೆಯನ್ನೇ 'ಗುಣಪಡಿಸಿ' ಬಿಡುತ್ತೇವೆನ್ನುವವರಿಂದ ದೂರವಿರಬೇಕು. 2021ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಅಂಥ ಪ್ರಯತ್ನಗಳನ್ನು ನಿಷೇಧಿಸಲು ಆದೇಶಿಸಿತು; 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅದನ್ನು ವೃತ್ತಿದೋಷವೆಂದು ಸಾರಿತು.

ಔಷಧಕ್ಕೆ ಮೊದಲು ರಕ್ತದೊತ್ತಡ, ತೂಕ, ಹಿಮೋಗ್ಲೋಬಿನ್, ಯಕೃತ್ತು, ಮೂತ್ರಪಿಂಡ, ಪೊಟ್ಯಾಸಿಯಂ, ಸಕ್ಕರೆ, ಕೊಬ್ಬು ಮತ್ತು ಹಾರ್ಮೋನುಗಳ ಪರೀಕ್ಷೆ ನಡೆಯುತ್ತದೆ. ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೆ ಒಂದೆರಡು ಬಾರಿ ಮತ್ತೆ ತಪಾಸಣೆಯಾಗಬೇಕು. ಇವುಗಳಲ್ಲಿ ಬಹುಪಾಲನ್ನು ಮನೆಯ ಡಾಕ್ಟರರೇ ಮಾಡಿಸಬಲ್ಲರು. ತಜ್ಞರು ದೂರದಲ್ಲಿದ್ದಾಗ ಇದೊಂದು ದೊಡ್ಡ ಅನುಕೂಲ. ಹದಿನೆಂಟು ತುಂಬದವರ ವಿಷಯ ಬೇರೆ. ಪೋಷಕರ ಒಪ್ಪಿಗೆಯೂ ಮಕ್ಕಳ ತಜ್ಞರ ವಿವೇಚನೆಯೂ ಇಲ್ಲದೆ ಅಲ್ಲಿ ಔಷಧದ ಮಾತೆತ್ತಲಾಗದು.

ಹಿಂದಿರುಗುವುದು, ಹಿಂದಿರುಗದುದು

ತಿಳಿದು ಒಪ್ಪಬೇಕೆಂದರೆ ಯಾವ ಬದಲಾವಣೆ ಔಷಧ ಬಿಟ್ಟರೆ ಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬ ಲೆಕ್ಕ ಮೊದಲೇ ಕೈಯಲ್ಲಿರಬೇಕು. ಖಾತೆಪುಸ್ತಕದಂತೆ ಎರಡು ಕಲಮುಗಳಲ್ಲಿ ಬರೆದುಕೊಂಡರೆ ಅನುಕೂಲ.

ಹೆಣ್ತನದತ್ತ ಸಾಗುವವರಿಗೆ ಎಸ್ಟ್ರಡಯಾಲಿನೊಡನೆ ಗಂಡು ಹಾರ್ಮೋನನ್ನು ತಡೆಯುವ ಔಷಧವನ್ನೂ ಕೊಡುವುದುಂಟು. ಅವುಗಳಲ್ಲಿ ಒಂದಾದ ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಸಿಯಮನ್ನು ಏರಿಸಬಹುದು, ರಕ್ತದೊತ್ತಡವನ್ನು ಇಳಿಸಬಹುದು. ಚರ್ಮ ಮೃದುವಾಗುವುದು, ಕಾಮಾಸಕ್ತಿ ತಗ್ಗುವುದು ಕೆಲವು ತಿಂಗಳಲ್ಲಿ ಕಾಣುತ್ತದೆ. ಔಷಧ ಬಿಟ್ಟರೆ ಬಹುಮಟ್ಟಿಗೆ ಹಿಂದಿರುಗುತ್ತದೆ. ಸ್ತನಗಳ ಬೆಳವಣಿಗೆ ಮೂರರಿಂದ ಆರು ತಿಂಗಳಲ್ಲಿ ಆರಂಭವಾಗಿ ಎರಡು ಮೂರು ವರ್ಷದಲ್ಲಿ ಪೂರ್ಣವಾಗುತ್ತದೆ, ಇದು ಹಿಂದಿರುಗದು. ಒಡೆದ ಗಂಡುದನಿ ಔಷಧದಿಂದ ಬದಲಾಗದು, ಅದಕ್ಕೆ ದನಿಯ ಅಭ್ಯಾಸವೇ ಬೇಕು. ಗಡ್ಡವೂ ತಾನಾಗಿ ಮಾಯವಾಗದು.

ಹೆಣ್ಣುಮಗುವೆಂದು ದಾಖಲಾಗಿ ಗಂಡಾಗಿ ಬಾಳಬಯಸುವವರಿಗೆ ಕೊಡುವುದು ಟೆಸ್ಟೊಸ್ಟೆರೋನ್, ಹೆಚ್ಚಾಗಿ ಇಂಜೆಕ್ಷನ್ ರೂಪದಲ್ಲಿ. ಸಾಮಾನ್ಯವಾಗಿ ಆರು ತಿಂಗಳೊಳಗೆ ಮುಟ್ಟು ನಿಲ್ಲುತ್ತದೆ. ಗಡುಸಾದ ದನಿ ಮತ್ತೆ ತೆಳುವಾಗದು. ಗಡ್ಡಮೀಸೆ ತುಂಬಲು ನಾಲ್ಕೈದು ವರ್ಷ ಬೇಕಾದೀತು. ರಕ್ತ ಅತಿಯಾಗಿ ಗಟ್ಟಿಯಾಗದಂತೆ ಪರೀಕ್ಷಿಸುತ್ತಿರಬೇಕು. ಮುಟ್ಟು ನಿಂತ ಮಾತ್ರಕ್ಕೆ ಗರ್ಭ ನಿಲ್ಲದೆಂದು ಭಾವಿಸುವುದು ತಪ್ಪು. ಗರ್ಭಿಣಿಯಾಗಿದ್ದಾಗ ಈ ಔಷಧ ಶಿಶುವಿಗೆ ಹಾನಿಕರ.

ಇಬ್ಬರಿಗೂ ಸಂತಾನಶಕ್ತಿ ಕುಗ್ಗಬಹುದು, ಹೋಗಲೂಬಹುದು. ಮುಂದೊಂದು ದಿನ ಮಕ್ಕಳು ಬೇಕೆನ್ನಿಸಬಹುದಾದವರು ವೀರ್ಯವನ್ನೋ ಅಂಡಾಣುವನ್ನೋ ಶೇಖರಿಸಿಡುವ ಬಗ್ಗೆ ಔಷಧಕ್ಕೆ ಮೊದಲೇ ಕೇಳಬೇಕು. ಇಪ್ಪತ್ತಮೂರರಲ್ಲಿ ಬೇಡವೆನ್ನಿಸಿದ್ದು ಮೂವತ್ತಮೂರರಲ್ಲಿ ಬೇಕೆನ್ನಿಸೀತು. ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕಾಗುವುದಿಲ್ಲ, ಬೇಕಾದವರಿಗೂ ಅದು ಮೊದಲ ಹೆಜ್ಜೆಯಲ್ಲ.

ಗುಟ್ಟು ಮತ್ತು ಕಾಗದಪತ್ರ

ತಂದೆಗೆ ಹೇಳಿಬಿಡುತ್ತಾರೆಂಬ ಭಯಕ್ಕೆ ಉತ್ತರವಿದೆ. ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿಯ ಪ್ರಕಾರ, ಚಿಕಿತ್ಸೆಯ ಸಂದರ್ಭದಲ್ಲಿ ತಿಳಿದ ರೋಗಿಯ ಗುಟ್ಟನ್ನು ನ್ಯಾಯಾಲಯದ ಆದೇಶದಂಥ ಕೆಲವು ವಿನಾಯಿತಿಗಳ ಹೊರತು ಬಯಲು ಮಾಡತಕ್ಕದ್ದಲ್ಲ. ಪ್ರಾಯಕ್ಕೆ ಬಂದವರ ವಿಷಯದಲ್ಲಿ ತಂದೆತಾಯಿಯರೂ ಅನ್ಯರೇ. ಹಾಗಿದ್ದರೂ ಮೊದಲ ಮಾತಿನಲ್ಲೇ 'ಇದು ನಮ್ಮಿಬ್ಬರಲ್ಲೇ ಇರಲಿ' ಎಂದು ಸ್ಪಷ್ಟಪಡಿಸುವುದು ಮೇಲು. ಬಾಗಿಲಲ್ಲಿ ಕುಳಿತ ಕಾಂಪೌಂಡರರೂ ಊರವರೇ ಆಗಿರಬಹುದು. ಅದೇ ನಿಯಮಾವಳಿಯಂತೆ ತನ್ನ ದಾಖಲೆಗಳ ಪ್ರತಿಯನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ವೈದ್ಯರನ್ನು ಬದಲಿಸಬೇಕಾಗಿ ಬಂದಾಗ ಇದು ಉಪಯುಕ್ತ.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ಪ್ರಕರಣದಲ್ಲಿ, ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸುವುದು ವ್ಯಕ್ತಿಯ ಹಕ್ಕೆಂದು ತೀರ್ಪಿತ್ತಿತು. 2019ರಲ್ಲಿ ಸಂಸತ್ತು ಈ ವಿಷಯದ ಕಾಯಿದೆಯನ್ನು ಅಂಗೀಕರಿಸಿತು. 2020ರಲ್ಲಿ ಅದರ ನಿಯಮಗಳು ಬಂದವು. ಗುರುತಿನ ಪ್ರಮಾಣಪತ್ರದ ವಿಧಿವಿಧಾನಗಳು ತಿದ್ದುಪಡಿಗೆ ಒಳಪಡುವಂಥವು. ಹಳೆಯ ತಿಳಿವಳಿಕೆಯನ್ನು ನಂಬದೆ, ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮವನ್ನೇ ವಿಚಾರಿಸಬೇಕು. ಬ್ಯಾಂಕಿನ ಖಾತೆ, ಪ್ಯಾನ್, ಶಾಲಾ ದಾಖಲೆ, ವಿಮೆ ಇವುಗಳಲ್ಲಿ ಹೆಸರು ಬದಲಾಗುವವರೆಗೆ ಹಳೆಯ ಮತ್ತು ಹೊಸ ಹೆಸರನ್ನು ಜೋಡಿಸುವ ಕಾಗದಗಳನ್ನು ಒಂದೇ ಕಡತದಲ್ಲಿ ಇಡುವುದು ಜಾಣತನ.

ಸೇವಾಕೇಂದ್ರಗಳ ಸ್ಥಿತಿ ಎಲ್ಲೆಡೆ ಒಂದೇ ತೆರನಿಲ್ಲ. ತಮಿಳುನಾಡು 2008ರಲ್ಲಿಯೇ ಕಲ್ಯಾಣ ಮಂಡಳಿ ಸ್ಥಾಪಿಸಿತು. ದೆಹಲಿಯ ರಾಮ ಮನೋಹರ ಲೋಹಿಯಾ ಆಸ್ಪತ್ರೆಯಲ್ಲಿ 2023ರಲ್ಲಿ ಪ್ರತ್ಯೇಕ ಹೊರರೋಗಿ ವಿಭಾಗ ಆರಂಭವಾಯಿತು. ಹೈದರಾಬಾದಿನಲ್ಲಿ 2021ರಲ್ಲಿ ತೆರೆದ ಮಿತ್ರ್ ಕ್ಲಿನಿಕ್, ಅಮೆರಿಕದ ನೆರವು ನಿಂತಾಗ 2025ರಲ್ಲಿ ಬಾಗಿಲು ಮುಚ್ಚಬೇಕಾಯಿತು. ಪರರ ಹಣದಿಂದ ನಡೆಯುವ ಕೇಂದ್ರ ಇಂದು ಇದ್ದು ನಾಳೆ ಇಲ್ಲವಾಗಬಹುದು. ಬೀದಿಯ ತಿರುವಿನ ಮನೆಯ ಡಾಕ್ಟರರು ಹಾಗಲ್ಲ. ಮನಸ್ಸು ತೀರ ಕುಗ್ಗಿ ಬದುಕೇ ಬೇಡವೆನ್ನಿಸಿದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೂ ಮಾತಾಡಬಹುದು.

ಮನೆಯವರ ಪಾಲು

ಕನ್ನಡನಾಡಿಗೆ ಈ ಬಾಳು ಅಪರಿಚಿತವಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರೆಲ್ಲ ಜೋಗಪ್ಪಗಳನ್ನು ಕಂಡಿದ್ದಾರೆ. ಬಾಲ್ಯದಲ್ಲಿ ಮನೆಯಿಂದ ದೂರಾಗಿ, ಭಿಕ್ಷೆ ಬೇಡಿ, ಜೋಗತಿ ನೃತ್ಯದಿಂದ ಹೆಸರಾದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಗುಡ್ಡದಲ್ಲಿ ಕೈಮುಗಿಯುವವರು, ವೇದಿಕೆಯಲ್ಲಿ ಚಪ್ಪಾಳೆ ತಟ್ಟುವವರು, ತಮ್ಮ ಮನೆಯ ಮಗು ಅದೇ ಮಾತನ್ನಾಡಿದಾಗ ಬಾಗಿಲು ಹಾಕಿದರೆ ಆ ಮಗು ಎಲ್ಲಿಗೆ ಹೋಗಬೇಕು? ಎರಡು ಸ್ಟೇಷನ್ ಆಚೆಯ ಅಂಗಡಿಗೇ ಹೋಗುತ್ತದೆ.

ಕಲ್ಪಿತ ಮನೆಯ ಆಕೆಯ ಕಾಲಿನಲ್ಲಿ ಹೆಪ್ಪೇನೂ ಇರಲಿಲ್ಲ. ರಕ್ತರೋಗ ತಜ್ಞರು ತಂದೆಯ ಇತಿಹಾಸವನ್ನು ಪರಿಶೀಲಿಸಿದ ಮೇಲೆ, ಹಾರ್ಮೋನು ತಜ್ಞರು ಜೆಲ್ ರೂಪದ ಔಷಧವನ್ನು ಅಲ್ಪ ಪ್ರಮಾಣದಲ್ಲಿ ಆರಂಭಿಸಿದರು. ಮನೆಯಲ್ಲಿ ಹೇಳುವ ದಿನವನ್ನು ಆಕೆಯೇ ಗೊತ್ತುಮಾಡಲಿ, ಬೇಕಾದರೆ ತಾವೂ ಬಂದು ಪಕ್ಕದಲ್ಲಿ ಕೂರುವುದಾಗಿ ಡಾಕ್ಟರರು ಹೇಳಿದ್ದಾರೆ. ಆ ದಿನ ಇನ್ನೂ ಬಂದಿಲ್ಲ. ಗಣೇಶನ ಹಬ್ಬಕ್ಕೆ ಅವರು ಎಂದಿನಂತೆ ಬಂದರು, ಕಡುಬು ತಿಂದರು, ತಂದೆಯ ಕಾಲನ್ನು ವಿಚಾರಿಸಿದರು. ಹೊರಡುವಾಗ ಆಕೆಯನ್ನು ನೋಡಿ, "ಮುಂದಿನ ತಿಂಗಳು ಬಿ.ಪಿ. ನೋಡಿಸಿಕೋ, ಮರೆಯಬೇಡ" ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.