ಕವಿಯ ಬಾಳು ಮತ್ತು ಕಾದಂಬರಿ

ಮಹಾಕೃತಿಗಳನ್ನು ಓದಿ ಮೆಚ್ಚಿದವರಿಗೆ ಅವುಗಳನ್ನು ಬರೆದವರ ಬಾಳನ್ನು ಅರಿಯಬೇಕೆಂಬ ಕುತೂಹಲ ಹುಟ್ಟುವುದು ಸಹಜ. ಈ ಕುತೂಹಲವನ್ನು ಜೀವನಚರಿತ್ರೆ ಒಂದು ಬಗೆಯಲ್ಲಿ ತಣಿಸಿದರೆ ಕಾದಂಬರಿ ಇನ್ನೊಂದು ಬಗೆಯಲ್ಲಿ ತಣಿಸುತ್ತದೆ. ಚರಿತ್ರಕಾರನು ದಾಖಲೆ ಇರುವಷ್ಟು ದೂರ ನಡೆದು ನಿಲ್ಲುತ್ತಾನೆ. ಕಾದಂಬರಿಕಾರನು ಅಲ್ಲಿಂದ ಮುಂದಕ್ಕೆ ಕಲ್ಪನೆಯನ್ನು ನಂಬಿ ನಡೆಯುತ್ತಾನೆ. ನಿಜವಾಗಿ ಬಾಳಿದ ವ್ಯಕ್ತಿಯ ವಿಷಯದಲ್ಲಿ ಹೀಗೆ ಮಾಡುವುದು ಸರಿಯೇ? ಎರಡು ಕಾದಂಬರಿಗಳನ್ನು ಆಧರಿಸಿ ಈ ಪ್ರಶ್ನೆಯನ್ನು ವಿಚಾರಿಸಬಹುದು.

ಇಂಗ್ಲೆಂಡಿನ ಸ್ಟ್ರ್ಯಾಟ್‌ಫರ್ಡ್ ಎಂಬ ಊರು ನಾಟಕಕಾರ ಷೇಕ್ಸ್‌ಪಿಯರನ ಹುಟ್ಟೂರು. ಅವನ ಮಗ ಹ್ಯಾಮ್ನೆಟ್‌ನನ್ನು 1596ರ ಆಗಸ್ಟ್ 11ರಂದು ಮಣ್ಣುಮಾಡಿದ ಸಂಗತಿ ಅಲ್ಲಿನ ಚರ್ಚಿನ ದಾಖಲೆಯಲ್ಲಿದೆ. ಬಾಲಕನಿಗೆ ಆಗ 11 ವರ್ಷ. ಅವನು ಯಾವ ಕಾಯಿಲೆಯಿಂದ ಸತ್ತನೆಂದು ಯಾರೂ ಬರೆದಿಡಲಿಲ್ಲ. ಕೆಲವು ವರ್ಷಗಳ ತರುವಾಯ ತಂದೆ ‘ಹ್ಯಾಮ್ಲೆಟ್’ ನಾಟಕವನ್ನು ರಚಿಸಿದನು. ಹ್ಯಾಮ್ನೆಟ್, ಹ್ಯಾಮ್ಲೆಟ್ ಎಂಬವು ಆ ಊರಿನಲ್ಲಿ ಒಂದೇ ಹೆಸರಿನ ಎರಡು ರೂಪಗಳಾಗಿದ್ದವು. ಆದರೆ ನಾಟಕದ ಕಥೆ ಡೆನ್ಮಾರ್ಕಿನ ಹಳೆಯ ಕಥೆ. ಆದುದರಿಂದ ಮಗನ ಸಾವಿಗೂ ನಾಟಕಕ್ಕೂ ನಂಟುಂಟೆಂದು ಚರಿತ್ರಕಾರನು ಖಚಿತವಾಗಿ ಹೇಳಲಾರನು.

ಮ್ಯಾಗಿ ಒ’ಫ್ಯಾರೆಲ್ ಅವರು 2020ರಲ್ಲಿ ಪ್ರಕಟಿಸಿದ ‘ಹ್ಯಾಮ್ನೆಟ್’ ಕಾದಂಬರಿ ಈ ಮೌನದಿಂದಲೇ ಹುಟ್ಟಿತು. ಅದರಲ್ಲಿ ಬಾಲಕನು ಪ್ಲೇಗಿಗೆ ಬಲಿಯಾಗುತ್ತಾನೆ. ಕಥೆಯ ಕೇಂದ್ರದಲ್ಲಿರುವವಳು ತಾಯಿ. ಕವಿಯ ಹೆಸರು ಎಲ್ಲಿಯೂ ಬರುವುದಿಲ್ಲ. ತೀರಿಹೋದ ಮಗನ ಹೆಸರು ನಾಟಕಕ್ಕಾಯಿತೆಂದು ಕೇಳಿ ಕೆರಳಿದ ಅವಳು ಲಂಡನ್ನಿಗೆ ಹೋಗಿ ನಾಟಕವನ್ನು ನೋಡುತ್ತಾಳೆ. ಅಲ್ಲಿ ಮಗ ಬದುಕಿದ್ದಾನೆ, ತಂದೆ ಸತ್ತು ಪ್ರೇತವಾಗಿದ್ದಾನೆ. ಮಗನ ಸಾವನ್ನು ಗಂಡ ತನ್ನ ಮೇಲೆ ಹೊತ್ತುಕೊಂಡಿದ್ದಾನೆಂದು ಅವಳಿಗೆ ಆಗ ಹೊಳೆಯುತ್ತದೆ.

ಒ’ಫ್ಯಾರೆಲ್ ಅವರು ದಾಖಲೆ ಇಲ್ಲದ ಎಡೆಯನ್ನು ತುಂಬಿದರು. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಜೆ. ಎಂ. ಕುಟ್ಸೀ ಅವರು ದಾಖಲೆಯನ್ನೇ ಮೀರಿದರು. 1994ರಲ್ಲಿ ಬಂದ ಅವರ ‘ದಿ ಮಾಸ್ಟರ್ ಆಫ್ ಪೀಟರ್ಸ್‌ಬರ್ಗ್’ ಕಾದಂಬರಿಯ ನಾಯಕ ರಷ್ಯದ ಕಾದಂಬರಿಕಾರ ದಾಸ್ತೋವ್‌ಸ್ಕಿ. 1869ರಲ್ಲಿ ಅವನು ಮೃತನಾದ ಮಲಮಗನ ವಸ್ತುಗಳನ್ನು ಅರಸಿ ಪೀಟರ್ಸ್‌ಬರ್ಗಿಗೆ ಬರುತ್ತಾನೆ. ಕೊನೆಗೆ ಆ ದುಃಖವನ್ನೇ ಬರವಣಿಗೆಗೆ ಬಳಸಿಕೊಂಡು, ತಾನು ದ್ರೋಹ ಬಗೆದೆನೆಂದು ಕೊರಗುತ್ತಾನೆ. ಚರಿತ್ರೆಯಾದರೋ ಬೇರೆ. ಆ ಮಲಮಗನು ದಾಸ್ತೋವ್‌ಸ್ಕಿ 1881ರಲ್ಲಿ ತೀರಿಕೊಂಡ ಮೇಲೂ ಬದುಕಿದ್ದನು. ಎಳೆಯ ಪ್ರಾಯದ ಮಗನನ್ನು 1989ರಲ್ಲಿ ಕಳೆದುಕೊಂಡವರು ಕುಟ್ಸೀ. ಇನ್ನೊಬ್ಬ ಲೇಖಕನ ಬಾಳಿನೊಳಗೆ ಅವರು ತಂದೆಯ ಶೋಕವನ್ನು ಇರಿಸಿ ನೋಡಿದರು.

ಇಂಥ ಕಾದಂಬರಿಗಳು ಚರಿತ್ರೆಗೆ ಸಾಕ್ಷಿಯಾಗಲಾರವು. ಹ್ಯಾಮ್ನೆಟ್ ಪ್ಲೇಗಿನಿಂದ ಸತ್ತನೆಂದು, ಇಲ್ಲವೇ ದಾಸ್ತೋವ್‌ಸ್ಕಿ ಮಲಮಗನನ್ನು ಕಳೆದುಕೊಂಡನೆಂದು ನಂಬಿದರೆ ಓದುಗನು ತಪ್ಪುವನು. ಸತ್ತವರು ಎದ್ದುಬಂದು ತಿದ್ದಲಾರರು. ಆದಕಾರಣ ನಡೆದುದು ಯಾವುದು, ಕಲ್ಪಿಸಿದುದು ಯಾವುದು ಎಂಬ ವಿವೇಕ ಬರೆದವರಿಗಿರುವಂತೆ ಓದುವವರಿಗೂ ಇರಬೇಕು. ಆ ವಿವೇಕವಿದ್ದಲ್ಲಿ ಕಲ್ಪನೆಯಿಂದ ಕೇಡಿಲ್ಲ. ಹ್ಯಾಮ್ನೆಟ್‌ನ ಸಾವಿನ ಬಗ್ಗೆ ಚರ್ಚಿನ ಪುಸ್ತಕದಲ್ಲಿರುವುದು ಒಂದೇ ಸಾಲು. ಆ ಸಾಲಿನ ಹಿಂದೆ ಒಂದು ಮನೆಯಿತ್ತು, ಅಲ್ಲಿ ಒಬ್ಬ ತಾಯಿ ಅತ್ತಳು ಎಂಬುದನ್ನು ನೆನಪಿಗೆ ತರುವುದು ಕಾದಂಬರಿಯ ಕೆಲಸ.