ಸಾಣೇಹಳ್ಳಿಯ ಬಯಲು ರಂಗ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳನ್ನೊಳಗೊಂಡ ಚಿತ್ರದುರ್ಗದ ಸೀಮೆಯು ಮಳೆ ಕಡಿಮೆಯಾದ ನಾಡು. ಇಲ್ಲಿಯ ಬೇಸಾಯವು ಬಹುಕಾಲ ಕೆರೆಯನ್ನೂ ಆಕಾಶವನ್ನೂ ನೆಚ್ಚಿಕೊಂಡಿದ್ದಂತೆಯೇ, ಇಲ್ಲಿಯ ಹಾಡು ಆಟಗಳೂ ಋತುವನ್ನು ನೆಚ್ಚಿಕೊಂಡಿದ್ದುವು. ಸುಗ್ಗಿ ತೀರಿದ ಮೇಲೆ, ಇಲ್ಲವೆ ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವದಂಥ ಜಾತ್ರೆಗಳು ಕೂಡಿದಾಗ, ಗುಡಿಯ ಮುಂದಣ ಬಯಲೇ ರಂಗಸ್ಥಳವಾಗುತ್ತಿತ್ತು. ಜಾತ್ರೆ ಚೆದುರಿತೆಂದರೆ ರಂಗಸ್ಥಳವೂ ಮರೆಯಾಗುತ್ತಿತ್ತು. ಸಂಗೀತಕ್ಕೂ ನಾಟಕಕ್ಕೂ ವರ್ಷವೆಲ್ಲ ಮೀಸಲಾದ ಒಂದು ಸ್ಥಳವು ಹಳ್ಳಿಯಲ್ಲಿರಬೇಕೆಂಬ ಕಲ್ಪನೆಯು ಈಚಿನದು. ಅಂಥದೊಂದು ಸ್ಥಳವು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನೆಲೆಗೊಂಡ ಬಗೆಯನ್ನೂ, ಅದು ಉಳಿದು ಬಂದುದಕ್ಕೆ ಕಾರಣವೇನೆಂಬುದನ್ನೂ ಈ ಲೇಖನದಲ್ಲಿ ವಿಚಾರಿಸಲಾಗಿದೆ.

ಮೊದಲು ಹಿಂದಿನ ಸ್ಥಿತಿಯನ್ನು ನೆನೆಯುವುದು ಯುಕ್ತ. ಕನ್ನಡದ ವೃತ್ತಿನಾಟಕ ಮಂಡಲಿಗಳು ಜಾತ್ರೆಯ ಬಯಲಿಗೆ ಬದಲಾಗಿ ಇನ್ನೊಂದು ಮಾರ್ಗವನ್ನು ಹಿಡಿದುವು. 1884ರಲ್ಲಿ ಸ್ಥಾಪಿತವಾದ ಗುಬ್ಬಿಯ ಮಂಡಲಿಯೇ ಇದಕ್ಕೆ ನಿದರ್ಶನ. ಇಂಥ ಮಂಡಲಿಗಳು ಪರದೆ, ಪೆಟ್ಟಿಗೆ, ಹಾರ್ಮೋನಿಯಂ, ತಬಲಗಳೊಡನೆ ಊರಿಂದೂರಿಗೆ ಸಾಗುತ್ತಿದ್ದುವು. ನಟನೆಂದರೆ ಹಾಡಬಲ್ಲವನೇ ಆಗಿರಬೇಕಿತ್ತು; ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕಡೆಯ ಸಾಲಿನವನಿಗೂ ಕೇಳುವಂಥ ಕಂಠವೇ ಅವನ ಬಂಡವಾಳ. ಆದರೆ 1934ರಲ್ಲಿ ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತೀ ಸುಲೋಚನಾ’ ಬಂದ ತರುವಾಯ, ಹಾಡುವ ನಟರಲ್ಲಿ ಅನೇಕರು ಚಿತ್ರಗಳಿಗೆ ಸಂದರು. ಪ್ರೇಕ್ಷಕರೂ ಅತ್ತ ಸರಿದರು. ಜಾತ್ರೆಯ ಬಯಲಿಗೆ ನೆಲೆಯಿದ್ದರೂ ನಿರಂತರತೆಯಿರಲಿಲ್ಲ; ಮಂಡಲಿಗೆ ಸಂಚಾರವಿದ್ದರೂ ನೆಲೆಯಿರಲಿಲ್ಲ. ಈ ಎರಡು ಕೊರತೆಗಳನ್ನು ಒಟ್ಟಿಗೆ ತೀರಿಸುವ ಯತ್ನವೇ ಸಾಣೇಹಳ್ಳಿಯ ಚರಿತ್ರೆಯೆಂದು ನಮ್ಮ ಅಭಿಪ್ರಾಯ.

ಇದರ ಬೀಜವಿರುವುದು ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯಲ್ಲಿ. ಅಲ್ಲಿಯ ತರಳಬಾಳು ಪೀಠದಲ್ಲಿದ್ದ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು (1914–1992) ನಾಟಕವನ್ನು ಉಪದೇಶಕ್ಕಿಂತ ಬಲವಾದ ಸಾಧನವೆಂದೆಣಿಸಿ ‘ಮರಣವೇ ಮಹಾನವಮಿ’, ‘ವಿಶ್ವಬಂಧು ಮರುಳಸಿದ್ಧ’ ಮುಂತಾದುವನ್ನು ತಾವೇ ರಚಿಸಿ, ಕಲಾಸಂಘವೊಂದನ್ನು ಕಟ್ಟಿ ಆಡಿಸಿದರು. ಅವರ ಶಿಷ್ಯರಾದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಸಾಣೇಹಳ್ಳಿಯ ಶಾಖಾಮಠದಲ್ಲಿ 1987ರಲ್ಲಿ ಗುರುವಿನ ಹೆಸರಿನಿಂದಲೇ ಶ್ರೀ ಶಿವಕುಮಾರ ಕಲಾಸಂಘವನ್ನು ಆರಂಭಿಸಿದರು. ಹತ್ತು ವರ್ಷಗಳ ಬಳಿಕ, 1997ರಲ್ಲಿ, ‘ಶಿವಸಂಚಾರ’ವೆಂಬ ತಿರುಗಾಡುವ ಮೇಳವು ಹುಟ್ಟಿತು. ವರ್ಷಕ್ಕೆ ಮೂರು ನಾಟಕಗಳನ್ನು ಸಿದ್ಧಗೊಳಿಸಿ, ಸಾಣೇಹಳ್ಳಿಯ ನಾಟಕೋತ್ಸವದಲ್ಲಿ ಮೊದಲು ಆಡಿ, ಅನಂತರ ನಾಡಿನ ಊರೂರುಗಳಿಗೆ ಒಯ್ಯುವುದು ಈ ಮೇಳದ ಕ್ರಮ. ರಂಗಶಿಕ್ಷಣದ ಶಾಲೆಯು ಬಂದದ್ದು 2008ರಲ್ಲಿ.

ಈ ಅನುಕ್ರಮವನ್ನು ಹೆಗ್ಗೋಡಿನ ನೀನಾಸಂನೊಡನೆ ಹೋಲಿಸಿದರೆ ಒಂದು ಮುಖ್ಯ ಸಂಗತಿಯು ಗೋಚರಿಸುತ್ತದೆ. ಹೆಗ್ಗೋಡಿನಲ್ಲಿ ಸಂಘವು 1949ರಲ್ಲಿಯೂ, ಶಾಲೆಯು 1980ರಲ್ಲಿಯೂ, ‘ತಿರುಗಾಟ’ವು 1985ರಲ್ಲಿಯೂ ಮೊದಲಾದುವು, ಅಂದರೆ ಕಲಿಕೆ ಮುಂದು, ಸಂಚಾರ ಹಿಂದು. ಸಾಣೇಹಳ್ಳಿಯಲ್ಲಿ ಸಂಚಾರವೇ ಮುಂದಾಗಿ, ಶಾಲೆಯು ಹನ್ನೊಂದು ವರ್ಷಗಳ ತರುವಾಯ ಬಂದಿತು. ಜಂಗಮವೆಂಬ ಮಾತಿಗೆ ಚಲಿಸುವುದೆಂದೇ ಅರ್ಥವಷ್ಟೆ. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದೆಣಿಸಿದ ಶರಣ ಪರಂಪರೆಯ ಮಠವೊಂದು ಮೊದಲು ಮೇಳವನ್ನು ನಡೆಸಿ ಆಮೇಲೆ ಶಾಲೆಯನ್ನು ಕಟ್ಟಿದುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಇನ್ನು ಸ್ಥಳದ ವಿಚಾರ. ರಂಗನಿರ್ದೇಶಕರೂ ಅರ್ಥಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದ ಸಿ. ಜಿ. ಕೃಷ್ಣಸ್ವಾಮಿಯವರು ಸಾಣೇಹಳ್ಳಿಯ ರಂಗಕಾರ್ಯಕ್ಕೆ 2006ರಲ್ಲಿ ತೀರಿಕೊಳ್ಳುವವರೆಗೂ ಒತ್ತಾಸೆಯಾಗಿದ್ದರು. ಇಲ್ಲಿಯ ಬಯಲು ರಂಗಮಂದಿರವು ಗ್ರೀಕರ ಮಾದರಿಯದು: ರಂಗವು ತಗ್ಗಿನಲ್ಲಿ, ಪ್ರೇಕ್ಷಕರು ಅದರ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಏರುವ ಆಸನಗಳಲ್ಲಿ. ಈ ವಿನ್ಯಾಸದ ಮರ್ಮವು ಧ್ವನಿಯದು. ತೆರೆದ ಬಯಲಿನಲ್ಲಿ ದೂರವು ಇಮ್ಮಡಿಯಾದಂತೆಲ್ಲ ಧ್ವನಿಯ ಮಟ್ಟವು ಸುಮಾರು 6 ಡೆಸಿಬೆಲ್ಲಿನಷ್ಟು ಕುಗ್ಗುತ್ತದೆ. ಸಮನಾದ ನೆಲದ ಮೇಲೆ ಜನರು ಕುಳಿತಿದ್ದರೆ ಮುಂದಿನ ಸಾಲುಗಳ ತಲೆಗಳೂ ಉಡುಪುಗಳೂ ಉಳಿದುದರಲ್ಲಿ ಇನ್ನಷ್ಟನ್ನು ಹೀರುತ್ತವೆ. ಸಾಲುಗಳನ್ನು ಏರಿಸಿದರೆ ಹಾಡುವವನ ಬಾಯಿಗೂ ಕೇಳುವವನ ಕಿವಿಗೂ ನಡುವೆ ತಡೆಯಿಲ್ಲದ ನೇರದಾರಿ ದೊರೆಯುತ್ತದೆ. ಗಟ್ಟಿಯಾದ ರಂಗದ ನೆಲವು ಧ್ವನಿಯನ್ನು ಪ್ರತಿಫಲಿಸಿ ಬೆಂಬಲವೀಯುತ್ತದೆ. ಜಾತ್ರೆಯ ಬಯಲಿಗೂ ಈ ಬಯಲಿಗೂ ಇರುವ ಅಂತರ ಇದೇ: ಅಲ್ಲಿ ಗಾಯಕನು ಬಯಲಿನೊಡನೆ ಹೋರಾಡಬೇಕು, ಇಲ್ಲಿ ಬಯಲೇ ಅವನಿಗೆ ನೆರವಾಗುತ್ತದೆ.

ಇಲ್ಲಿ ಕೇಳಿಬರುವ ಸಂಗೀತದಲ್ಲಿ ವಚನಗಾಯನವು ಪ್ರಧಾನವಾದುದು. ಪಲ್ಲವಿ, ಅನುಪಲ್ಲವಿ, ಮಾತ್ರಾಗಣಗಳ ಕಟ್ಟು ವಚನಕ್ಕಿಲ್ಲ. ಆ ಕಟ್ಟುಳ್ಳ ಸ್ವರವಚನವು ಬೇರೊಂದು ಪ್ರಕಾರ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಅಚ್ಚುಮಾಡಿಸಿ ವಚನಗಳನ್ನು ಓದುಗರಿಗೆ ದೊರಕಿಸಿದರು, ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಹಿಂದೂಸ್ತಾನಿ ಗಾಯಕರು ಅವುಗಳಿಗೆ ರಾಗದ ಉಡುಗೆಯನ್ನಿತ್ತು ಕೇಳುಗರಿಗೆ ದೊರಕಿಸಿದರು. ಆದರೆ ಕಚೇರಿಯಲ್ಲಿ ರಾಗವು ಮುಂದಾಗಿ ಮಾತು ಹಿಂದಾಗುವ ಭಯವುಂಟು. ನಾಟಕದಲ್ಲಾದರೋ ಒಂದು ವಚನವನ್ನು ಪಾತ್ರವು ಒಂದು ಸಂಕಟದ ನಡುವೆ ಹಾಡಬೇಕಾಗುವುದರಿಂದ, ಅರ್ಥವು ತಪ್ಪಿದರೆ ದೃಶ್ಯವೇ ತಪ್ಪುತ್ತದೆ. ಸಾಹಿತ್ಯದ ಉಪಾಧ್ಯಾಯರು ಇದನ್ನು ಗಮನಿಸತಕ್ಕದ್ದು. ಆಡುಮಾತಿಗೆ ಹತ್ತಿರವಾದ ವಚನದ ಲಯವು ತರಗತಿಗಿಂತ ಇಂಥ ರಂಗದಲ್ಲಿ ಹೆಚ್ಚು ಸ್ಪಷ್ಟವಾಗುವುದು. 2019ರ ಆಗಸ್ಟ್ ತಿಂಗಳಲ್ಲಿ ನಡೆದ ‘ಮತ್ತೆ ಕಲ್ಯಾಣ’ವೆಂಬ ಅಭಿಯಾನದಲ್ಲಿ ವಚನಗಾಯನ, ಸಂವಾದ, ನಾಟಕಗಳು ಜೊತೆಜೊತೆಯಾಗಿ ಜಿಲ್ಲೆಯಿಂದ ಜಿಲ್ಲೆಗೆ ಸಾಗಿದುವು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಮಠದ ಆಶ್ರಯದಲ್ಲಿರುವ ಕಲೆಯು ಮಠದ ಅಭಿರುಚಿಗೆ ಕಟ್ಟುಬೀಳದೆ? ಆಶ್ರಯದಾತನ ಕಾಲವು ಕಳೆದ ಮೇಲೆ ಅದರ ಗತಿಯೇನು? ಅರಮನೆಯ ಆಶ್ರಯದಲ್ಲಿದ್ದ ಸಂಗೀತದ ಪಾಡನ್ನು ಬಲ್ಲವರು ಇದನ್ನು ತಳ್ಳಿಹಾಕಲಾರರು. ಮೊದಲನೆಯದಕ್ಕೆ ಒಂದಿಷ್ಟು ಸಮಾಧಾನವಿದೆ: ನಾಟಕೋತ್ಸವಕ್ಕೆ ಹೊರಗಿನ ತಂಡಗಳೂ ಬರುವುವು, ಊರೂರು ತಿರುಗುವ ಮೇಳವು ತನ್ನನ್ನು ಒಪ್ಪಿಸಬೇಕಾದುದು ಬಗೆಬಗೆಯ ಪ್ರೇಕ್ಷಕರಿಗೆ. ಎರಡನೆಯ ಪ್ರಶ್ನೆಗೆ ಉತ್ತರವನ್ನು ಕಾಲವೇ ಹೇಳಬೇಕು. ಆದರೂ ಇಷ್ಟನ್ನು ಹೇಳಬಹುದು. ಊರಿಗೊಂದು ರಂಗಮಂದಿರವನ್ನು ಕಟ್ಟಿಸಿದರೆ ಕಲೆಯು ತಾನಾಗಿ ಬರುವುದೆಂದು ನಂಬುವವರು ಸಾಣೇಹಳ್ಳಿಯ ವರ್ಷಗಳನ್ನೊಮ್ಮೆ ಎಣಿಸಿ ನೋಡಲಿ. 1987ರಿಂದ 1997ರವರೆಗೆ ಹತ್ತು ವರ್ಷ ಸಂಘವು ಬೆಳೆದ ಮೇಲೆ ಮೇಳವು ಹೊರಟಿತು. ಮೇಳವು ಹನ್ನೊಂದು ವರ್ಷ ತಿರುಗಿದ ಮೇಲೆ ಶಾಲೆಯು ನಿಂತಿತು. ಕಲ್ಲಿನ ಮೆಟ್ಟಿಲುಗಳನ್ನು ಬೇರೆ ಕಡೆಯಲ್ಲಿಯೂ ಕಟ್ಟಬಹುದು. ಅವುಗಳ ಮೇಲೆ ವರ್ಷವರ್ಷವೂ ಜನರು ಬಂದು ಕುಳಿತುಕೊಳ್ಳುವುದು ಹೊರಗೆ ಹೋದ ಹಾಡು ಮರಳಿ ಬರುವ ಊರಿನಲ್ಲಿ ಮಾತ್ರ.